ಮೇಷ್ಟ್ರನ್ನು ಮಾತಾಡಿಸಿದರೆ ‘ಬಕೆಟ್’ ಹಿಡಿದಂತೆಯೇ? ಲಾ ವಿದ್ಯಾರ್ಥಿಗಳನ್ನು ಕಾಡುವ 6 ನಂಬಿಕೆಗಳು ಮತ್ತು ವಾಸ್ತವ

ಲಾ ಕಾಲೇಜು ಸೇರಿದ ಮೊದಲ ವಾರದಲ್ಲೇ ಹೊಸಬರ ಕಿವಿಗೆ ಒಂದು ಮಾತು ಬೀಳುತ್ತದೆ: “ಲೆಕ್ಚರರ್ ಹಿಂದೆ ಓಡಾಡಬೇಡ, ಬಕೆಟ್ ಅಂತಾರೆ.” ಪರೀಕ್ಷೆ ಹತ್ತಿರ ಬಂದಾಗ ಇದಕ್ಕೆ ಪೂರ್ತಿ ಉಲ್ಟಾ ಮಾತು ಕೇಳಿಸುತ್ತದೆ: “ಮೇಷ್ಟ್ರನ್ನ ಚೆನ್ನಾಗಿ ಇಟ್ಕೋ, ಪಾಸಾಗೋದು ಗ್ಯಾರಂಟಿ.” ಈ ಎರಡೂ ಮಾತು ಮೀಮ್ ಆಗಿ, ಸೀನಿಯರ್‌ಗಳ ಸಲಹೆಯಾಗಿ, ಕ್ಲಾಸ್ ಗ್ರೂಪಿನ ಜೋಕ್ ಆಗಿ ವರ್ಷವರ್ಷವೂ ಓಡಾಡುತ್ತವೆ.

ಜೋಕ್ ತಾನೇ, ಬಿಡಿ ಎನ್ನಬಹುದು. ಆದರೆ ಇದರಿಂದ ಆಗುವ ನಷ್ಟ ಎಲ್ಲರಿಗೂ ಒಂದೇ ಅಲ್ಲ. ಅಪ್ಪನೋ ಅತ್ತೆಯೋ ವಕೀಲರಾಗಿರುವ ಮನೆಯ ಮಕ್ಕಳಿಗೆ ವಕಾಲತ್ತು ಎಂದರೇನು, ಯಾವ ಸೀನಿಯರ್ ಹತ್ತಿರ ಕೆಲಸ ಕಲಿಯಬಹುದು ಎಂಬುದೆಲ್ಲ ಊಟದ ಹೊತ್ತಿನಲ್ಲೇ ತಿಳಿಯುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾನೂನು ಓದುತ್ತಿರುವ, ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರಿಗೆ ಈ ಲೋಕದ ಪರಿಚಯವಿರುವ ಒಬ್ಬರೇ ವ್ಯಕ್ತಿ ಎಂದರೆ ಪಾಠ ಮಾಡುವ ಮೇಷ್ಟ್ರು. ‘ಬಕೆಟ್’ ಎಂಬ ಪದಕ್ಕೆ ಹೆದರಿ ಆ ಬಾಗಿಲನ್ನೂ ತಟ್ಟದೆ ಹೋದರೆ ಕಳೆದುಕೊಳ್ಳುವವರು ಇವರೇ.

ಹಾಗಾಗಿ ಈ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ನಿಯಮ ಏನು ಹೇಳುತ್ತದೆ, ಸಂಶೋಧನೆ ಏನು ಹೇಳುತ್ತದೆ, ನಾಳೆಯಿಂದ ಏನು ಮಾಡಬಹುದು ಎಂಬುದನ್ನೂ ನೋಡೋಣ.

ನಂಬಿಕೆ 1: ಕ್ಲಾಸ್ ಮುಗಿದ ಮೇಲೆ ಮೇಷ್ಟ್ರನ್ನು ಮಾತಾಡಿಸುವವರೆಲ್ಲ ಬಕೆಟ್

ವಾಸ್ತವ: ಮಾತಾಡುವುದು ತಪ್ಪಲ್ಲ, ಏನು ಕೇಳುತ್ತೀರಿ ಎಂಬುದು ಮುಖ್ಯ.

ಬಕೆಟ್ ಹಿಡಿಯುವುದು ಎಂದರೆ ಅರ್ಹತೆ ಇಲ್ಲದ ಲಾಭಕ್ಕಾಗಿ ಹೊಗಳುವುದು, ಓಲೈಸುವುದು. “ಸರ್, ನಿಮ್ಮಂಥ ಮೇಷ್ಟ್ರು ಇನ್ನೊಬ್ಬರಿಲ್ಲ” ಎಂದು ಹೇಳಿ ಅಟೆಂಡೆನ್ಸ್ ಹಾಕಿಸಿಕೊಳ್ಳುವುದು ಬಕೆಟ್. “ಸರ್, ನೀವು ಇವತ್ತು ಹೇಳಿದ ತೀರ್ಪು ನನಗೆ ಪೂರ್ತಿ ಅರ್ಥವಾಗಲಿಲ್ಲ” ಎನ್ನುವುದು ಓದು. ಮೊದಲನೆಯದರಲ್ಲಿ ಕೇಳುತ್ತಿರುವುದು ಉಪಕಾರ. ಎರಡನೆಯದರಲ್ಲಿ ಕೇಳುತ್ತಿರುವುದು ಮೇಷ್ಟ್ರಿಗೆ ಸಂಬಳ ಕೊಡುವುದೇ ಯಾವ ಕೆಲಸಕ್ಕೋ ಆ ಕೆಲಸ.

ಒಂದು ಸುಲಭ ಪರೀಕ್ಷೆ ಇದೆ. ನೀವು ಮೇಷ್ಟ್ರ ಬಳಿ ಕೇಳಲು ಹೊರಟಿರುವುದನ್ನು ಇಡೀ ಕ್ಲಾಸಿನ ಮುಂದೆ ಗಟ್ಟಿಯಾಗಿ ಕೇಳಬಹುದೇ? ಕೇಳಬಹುದು ಎನಿಸಿದರೆ ಧೈರ್ಯವಾಗಿ ಹೋಗಿ ಕೇಳಿ. ಯಾರಿಗೂ ಗೊತ್ತಾಗಬಾರದು ಎನಿಸಿದರೆ ಅಲ್ಲೇ ನಿಲ್ಲಿ.

ನಂಬಿಕೆ 2: ಮೇಷ್ಟ್ರ ಕೃಪೆ ಇದ್ದರೆ ಮಾರ್ಕ್ಸ್ ತಾನಾಗಿ ಬರುತ್ತದೆ

ವಾಸ್ತವ: ಬಹುಪಾಲು ಅಂಕ ನಿಮ್ಮ ಮೇಷ್ಟ್ರ ಕೈಯಲ್ಲಿಲ್ಲ.

ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. 2009ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ಸಾಮಾನ್ಯ ಥಿಯರಿ ವಿಷಯಗಳಲ್ಲಿ 80 ಅಂಕ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆಗೆ, 20 ಅಂಕ ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ. ಆ 80 ಅಂಕದ ಉತ್ತರ ಪತ್ರಿಕೆ ವಿಶ್ವವಿದ್ಯಾಲಯದ ಮೌಲ್ಯಮಾಪನ ವ್ಯವಸ್ಥೆಗೆ ಹೋಗುತ್ತದೆ. ನಿಮ್ಮ ಮೇಷ್ಟ್ರಿಗೆ ನೀವೆಷ್ಟೇ ಬೇಕಾದವರಾದರೂ ಅಲ್ಲಿ ಅದರಿಂದ ಪ್ರಯೋಜನವಿಲ್ಲ.

ಹಾಗೆಂದು ಕಾಲೇಜಿನ ಮೌಲ್ಯಮಾಪನ ಸಣ್ಣದೇನೂ ಅಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ನಾಲ್ಕು ಪ್ರಾಯೋಗಿಕ ವಿಷಯಗಳು ಕಡ್ಡಾಯ. ಅದರಲ್ಲಿ ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್ ವಿಷಯದ 100 ಅಂಕ ಹೀಗೆ ಹಂಚಿಕೆಯಾಗಿದೆ: ಮೂಟ್ ಕೋರ್ಟಿಗೆ 30, ಎರಡು ಪ್ರಕರಣಗಳ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ನೋಡಿ ಬರೆಯುವುದಕ್ಕೆ 30, ಕಕ್ಷಿದಾರರ ಜೊತೆಗಿನ ಮಾತುಕತೆ, ವಿಚಾರಣಾಪೂರ್ವ ತಯಾರಿ ಮತ್ತು ಇಂಟರ್ನ್‌ಶಿಪ್ ಡೈರಿಗೆ 30, ಮೌಖಿಕ ಪರೀಕ್ಷೆಗೆ 10. ಇಲ್ಲಿ ಮೇಷ್ಟ್ರು ನೋಡುವುದು ನಿಮ್ಮ ಡೈರಿಯನ್ನು, ನಿಮ್ಮ ವಾದವನ್ನು. ಮೊದಲೇ ಹೋಗಿ “ಡೈರಿಯಲ್ಲಿ ಏನೇನು ಬರೆಯಬೇಕು, ಹಿಂದಿನ ವರ್ಷದ ಒಂದು ಒಳ್ಳೆಯ ಮಾದರಿ ತೋರಿಸುತ್ತೀರಾ?” ಎಂದು ಕೇಳಿದವರ ಡೈರಿ ಚೆನ್ನಾಗಿರುತ್ತದೆ. ಅಂಕ ಹೆಚ್ಚುವುದು ಸಲುಗೆಯಿಂದಲ್ಲ, ಕೆಲಸ ಉತ್ತಮವಾಗುವುದರಿಂದ.

ಇನ್ನು “ಸ್ವಲ್ಪ ಏನಾದರೂ ಕೊಟ್ಟರೆ ಕೆಲಸ ಆಗುತ್ತದೆ” ಎನ್ನುವವರ ಬಗ್ಗೆ ಎರಡು ಮಾತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ‘ಸಾರ್ವಜನಿಕ ನೌಕರ’ ಎಂಬ ಪದದ ವ್ಯಾಖ್ಯೆಯೊಳಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಉಪನ್ಯಾಸಕರೂ ಬರುತ್ತಾರೆ. ಪರೀಕ್ಷೆ ನಡೆಸಲು ವಿಶ್ವವಿದ್ಯಾಲಯ ಯಾರ ಸೇವೆ ಪಡೆಯುತ್ತದೋ ಅವರೂ ಬರುತ್ತಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿಗಳೇ. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ರಕ್ಷಣೆ ಇದೆ, ಆದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿರಬೇಕು. ಮುಂದೆ ವಕೀಲರಾಗುವವರು ಇದನ್ನು ಪಠ್ಯದಲ್ಲಿ ಓದಿದರೆ ಸಾಲದು.

ಅಂಕದಲ್ಲಿ ಅನ್ಯಾಯವಾಗಿದೆ ಎನಿಸಿದರೆ ಕಾನೂನಿನ ದಾರಿಯೇ ಇದೆ. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಪ್ರತಿ ಪಡೆದು, ಅದನ್ನು ಹಿಡಿದು ಮೇಷ್ಟ್ರ ಬಳಿ ಹೋಗಿ “ಈ ಉತ್ತರದಲ್ಲಿ ಏನು ಕೊರತೆ ಇದೆ ಹೇಳಿ ಸರ್” ಎಂದು ಕೇಳಿ. ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ನಂಬಿಕೆ 3: ಪ್ರಶ್ನೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ

ವಾಸ್ತವ: ನಮ್ಮ ಮನಸ್ಸು ಈ ವಿಷಯದಲ್ಲಿ ನಮಗೆ ತಪ್ಪು ಲೆಕ್ಕ ಕೊಡುತ್ತದೆ.

2000ನೇ ಇಸವಿಯಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಒಂದು ತಮಾಷೆಯ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ತಮ್ಮ ಶರ್ಟ್ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲುಭಾಗ ಮಾತ್ರ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಎನ್ನುವ ಈ ಭ್ರಮೆಗೆ ‘ಸ್ಪಾಟ್‌ಲೈಟ್ ಎಫೆಕ್ಟ್’ ಎನ್ನುತ್ತಾರೆ. ಕ್ಲಾಸಿನಲ್ಲಿ ಕೈ ಎತ್ತಲು ಹೆದರುವಾಗ ನಮ್ಮನ್ನು ಕಾಡುವುದು ಹೆಚ್ಚಾಗಿ ಇದೇ ಭ್ರಮೆ.

ಎರಡನೆಯ ತಪ್ಪು ಲೆಕ್ಕ: “ಕೇಳಿದರೂ ಅವರು ಸಹಾಯ ಮಾಡಲ್ಲ.” 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಅಪರಿಚಿತರಿಂದ 5 ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕಿತ್ತು. ಅದಕ್ಕೆ ಸುಮಾರು 20 ಜನರನ್ನು ಕೇಳಬೇಕಾಗಬಹುದು ಎಂದು ಅವರು ಅಂದುಕೊಂಡಿದ್ದರು. ಸುಮಾರು 10 ಜನರನ್ನು ಕೇಳುವಷ್ಟರಲ್ಲೇ ಕೆಲಸ ಮುಗಿಯಿತು. ಅಪರಿಚಿತರೇ ಹೀಗಾದರೆ, ಕಲಿಸುವುದೇ ಕೆಲಸವಾದ ಮೇಷ್ಟ್ರು ‘ಆಗಲ್ಲ’ ಎನ್ನುವ ಸಾಧ್ಯತೆ ನೀವು ಊಹಿಸಿದ್ದಕ್ಕಿಂತ ಕಡಿಮೆ.

ಮೂರನೆಯದು ಇನ್ನೂ ಸ್ವಾರಸ್ಯದ್ದು. ಆಲಿಸನ್ ವುಡ್ ಬ್ರೂಕ್ಸ್ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿ, ಸಲಹೆ ಕೇಳುವವರನ್ನು ಜನ ದಡ್ಡರೆಂದು ಭಾವಿಸಲಿಲ್ಲ, ಹೆಚ್ಚು ಸಮರ್ಥರೆಂದೇ ಭಾವಿಸಿದರು. ಆದರೆ ಷರತ್ತು ಇದೆ: ಕೆಲಸ ನಿಜವಾಗಿ ಕಷ್ಟದ್ದಾಗಿರಬೇಕು ಮತ್ತು ಆ ವಿಷಯ ಬಲ್ಲವರನ್ನೇ ಕೇಳಿರಬೇಕು. ಅಂದರೆ ಗೂಗಲ್‌ನಲ್ಲಿ ಅರ್ಧ ನಿಮಿಷಕ್ಕೆ ಸಿಗುವುದನ್ನು ಮೇಷ್ಟ್ರ ಬಳಿ ಕೇಳಬೇಡಿ.

ಒಂದು ಉದಾಹರಣೆ ನೋಡಿ. “ಸರ್, ಕೊಲೆಗೂ ಕೊಲೆಯೆನಿಸದ ನರಹತ್ಯೆಗೂ ವ್ಯತ್ಯಾಸ ಏನು?” ಎಂದು ಕೇಳಿದರೆ “ಪುಸ್ತಕ ನೋಡು” ಎಂಬ ಉತ್ತರ ಬಂದರೆ ತಪ್ಪಿಲ್ಲ. ಅದನ್ನೇ ಹೀಗೆ ಕೇಳಿ: “ಸರ್, 1958ರ ವಿರ್ಸಾ ಸಿಂಗ್ ಪ್ರಕರಣ ಓದಿದೆ. ಈಟಿಯಿಂದ ಒಂದೇ ಬಾರಿ ಇರಿದಿದ್ದರೂ ಸುಪ್ರೀಂ ಕೋರ್ಟ್ ಅದನ್ನು ಕೊಲೆ ಎಂದಿದೆ. ಆದರೆ ಬೇರೆ ಕೆಲವು ಪ್ರಕರಣಗಳಲ್ಲಿ ಒಂದೇ ಪೆಟ್ಟು ಎಂಬ ಕಾರಣವನ್ನೂ ಪರಿಗಣಿಸಿ ಅಪರಾಧದ ತೀವ್ರತೆ ಇಳಿಸಿದ್ದಾರೆ. ಕೋರ್ಟ್ ಇದನ್ನು ಹೇಗೆ ನಿರ್ಧರಿಸುತ್ತದೆ? ಈಗ ಐಪಿಸಿ 300ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 101 ಬಂದಿದೆಯಲ್ಲ, ಹಳೆಯ ತೀರ್ಪು ಈಗಲೂ ಉಪಯೋಗಕ್ಕೆ ಬರುತ್ತದೆಯೇ?” ಈ ಪ್ರಶ್ನೆ ಕೇಳಿದವರ ಹೆಸರು ಮೇಷ್ಟ್ರಿಗೆ ಸೆಮಿಸ್ಟರ್ ಮುಗಿದ ಮೇಲೂ ನೆನಪಿರುತ್ತದೆ. ಓದಿದ್ದು ಇಷ್ಟು, ಸಿಕ್ಕಿಕೊಂಡಿದ್ದು ಇಲ್ಲಿ ಎಂದು ತೋರಿಸುವುದೇ ಒಳ್ಳೆಯ ಪ್ರಶ್ನೆಯ ಲಕ್ಷಣ.

ನಂಬಿಕೆ 4: ಇಂಗ್ಲಿಷ್ ಬರುವವರಿಗೆ, ಟಾಪರ್‌ಗಳಿಗೆ ಮಾತ್ರ ಮೇಷ್ಟ್ರು ಬೆಲೆ ಕೊಡುತ್ತಾರೆ

ವಾಸ್ತವ: ಹೆಚ್ಚಿನ ಸಲ ಹಿಂದೆ ಸರಿಯುವವರು ನಾವೇ.

ಆಂಥೊನಿ ಅಬ್ರಹಾಂ ಜ್ಯಾಕ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಪ್ರತಿಷ್ಠಿತ ವಿಶ್ವವಿದ್ಯಾಲಯವೊಂದರ ಬಡ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2019ರಲ್ಲಿ ‘ದಿ ಪ್ರಿವಿಲೆಜ್ಡ್ ಪೂರ್’ ಎಂಬ ಪುಸ್ತಕ ಬರೆದರು. ಸಾಧಾರಣ ಶಾಲೆಗಳಿಂದ ಬಂದ ಬಡ ಮಕ್ಕಳು ಪ್ರೊಫೆಸರುಗಳನ್ನು ಭೇಟಿಯಾಗಲು ಹಿಂಜರಿಯುತ್ತಿದ್ದರು. ಕಷ್ಟಪಟ್ಟು ಓದಿದರೆ ಸಾಕು, ಮೇಷ್ಟ್ರ ಬಳಿ ಹೋಗುವುದು ಓಲೈಕೆ ಎಂಬ ಭಾವನೆ ಅವರಲ್ಲಿತ್ತು. ಅಷ್ಟೇ ಬಡತನವಿದ್ದರೂ ಸ್ಕಾಲರ್‌ಶಿಪ್ ಮೇಲೆ ಒಳ್ಳೆಯ ಖಾಸಗಿ ಶಾಲೆಗಳಲ್ಲಿ ಓದಿ ಬಂದವರಿಗೆ ಆ ಹಿಂಜರಿಕೆ ಇರಲಿಲ್ಲ. ಬುದ್ಧಿವಂತಿಕೆಯಲ್ಲಿ ವ್ಯತ್ಯಾಸವಿರಲಿಲ್ಲ. ಒಂದು ಗುಂಪಿಗೆ ಈ ಅಲಿಖಿತ ನಿಯಮ ಗೊತ್ತಿತ್ತು, ಇನ್ನೊಂದಕ್ಕೆ ಯಾರೂ ಹೇಳಿರಲಿಲ್ಲ. ನಮ್ಮ ‘ಬಕೆಟ್’ ಮಾತು ಅಲ್ಲೂ ಬೇರೆ ರೂಪದಲ್ಲಿ ಇತ್ತು ಎಂದಾಯಿತು.

ಭಾಷೆಯ ವಿಷಯಕ್ಕೆ ಬಂದರೆ, ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆ ಪತ್ರಿಕೆಯ ಮೇಲೇ ಸೂಚನೆ ಇರುತ್ತದೆ: ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಬಹುದು. ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಬಹುದಾದರೆ ಸಂದೇಹವನ್ನು ಕನ್ನಡದಲ್ಲಿ ಕೇಳಲು ನಾಚಿಕೆ ಏಕೆ? ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿಯನ್ನು ಪಾಟಿ ಸವಾಲು ಮಾಡಲು ಬೇಕಾಗುವುದು ಗಟ್ಟಿಯಾದ ಕನ್ನಡವೇ. ಹೈಕೋರ್ಟ್, ಸುಪ್ರೀಂ ಕೋರ್ಟಿಗೆ ಇಂಗ್ಲಿಷ್ ಬೇಕು, ನಿಜ. ಅದಕ್ಕೂ ಮೇಷ್ಟ್ರೇ ದಾರಿ: ಕನ್ನಡದಲ್ಲಿ ಕೇಳಿ, ಅದರ ಇಂಗ್ಲಿಷ್ ಪಾರಿಭಾಷಿಕ ಪದವನ್ನು ಬರೆದುಕೊಳ್ಳಿ, ವಾರಕ್ಕೊಂದು ತೀರ್ಪಿನ ಸಾರಾಂಶವನ್ನು ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ತೋರಿಸಿ. ಒಂದು ವರ್ಷದಲ್ಲಿ ನಿಮಗೇ ವ್ಯತ್ಯಾಸ ಕಾಣುತ್ತದೆ.

ನಂಬಿಕೆ 5: ಯೂಟ್ಯೂಬ್, ಗೈಡ್, ಎಐ ಎಲ್ಲ ಇರುವಾಗ ಮೇಷ್ಟ್ರು ಯಾಕೆ ಬೇಕು?

ವಾಸ್ತವ: ಪಾಠ ಎಲ್ಲಿಯಾದರೂ ಸಿಗುತ್ತದೆ. ಪರಿಚಯ ಸಿಗುವುದಿಲ್ಲ.

1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು “ಆ ವ್ಯಕ್ತಿಯನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?” ಎಂದು ಕೇಳಿದರು. ಆಗಾಗ ಭೇಟಿಯಾಗುವ ಆಪ್ತರಿಂದ ಕೆಲಸದ ಸುದ್ದಿ ಸಿಕ್ಕಿದ್ದು ಸುಮಾರು 17% ಮಂದಿಗೆ ಮಾತ್ರ. ಉಳಿದವರಿಗೆಲ್ಲ ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುವ ಪರಿಚಿತರಿಂದ ಸಿಕ್ಕಿತ್ತು. ಅದು ಚಿಕ್ಕ ಅಧ್ಯಯನ. ಆದರೆ 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿತ್ತು: ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ಮಧ್ಯಮ ಪರಿಚಯಗಳೇ ಹೊಸ ಕೆಲಸಕ್ಕೆ ಹೆಚ್ಚು ನೆರವಾದವು. ಕಾರಣ ಸರಳ. ನಿಮ್ಮ ಹಾಸ್ಟೆಲ್ ಗೆಳೆಯರಿಗೆ ಗೊತ್ತಿರುವುದು ನಿಮಗೆ ಗೊತ್ತಿರುವಷ್ಟೇ. ಮೇಷ್ಟ್ರಿಗೆ ಇಪ್ಪತ್ತು ವರ್ಷದ ಹಳೆಯ ವಿದ್ಯಾರ್ಥಿಗಳು ಗೊತ್ತು. ಅವರಲ್ಲಿ ವಕೀಲರು, ಸರ್ಕಾರಿ ಅಭಿಯೋಜಕರು, ನ್ಯಾಯಾಧೀಶರು ಇರುತ್ತಾರೆ.

ವಕೀಲಿ ವೃತ್ತಿಯಲ್ಲಿ ಇದು ಇನ್ನೂ ಮುಖ್ಯ. ಜೂನಿಯರ್ ಆಗಿ ಸೇರಲು ಬಹುಪಾಲು ಸೀನಿಯರ್‌ಗಳ ಆಫೀಸಿನಲ್ಲಿ ಜಾಹೀರಾತು ಹಾಕುವುದಿಲ್ಲ. “ನಮ್ಮ ಹುಡುಗ, ಕೆಲಸ ಮಾಡ್ತಾನೆ” ಎಂದು ಒಬ್ಬರು ಹೇಳಬೇಕು. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ 3 ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ಹಾಗಾಗಿ ಜಡ್ಜ್ ಆಗುವ ಕನಸಿನವರೂ ಮೊದಲು ಒಂದು ಒಳ್ಳೆಯ ಆಫೀಸು ಹುಡುಕಲೇಬೇಕು. ಕೋರ್ಸಿನ ಅವಧಿಯಲ್ಲೇ ಮೂರು ವರ್ಷದ ಎಲ್‌ಎಲ್‌ಬಿಯವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕೆಂಬ ನಿಯಮವೂ ಇದೆ. ಬರೀ ಸಹಿಗಾಗಿ ಒಂದು ಆಫೀಸು ಹುಡುಕುತ್ತೀರೋ, ಕೆಲಸ ಕಲಿಸುವ ಆಫೀಸು ಹುಡುಕುತ್ತೀರೋ ಎಂಬುದರಲ್ಲಿ ಮೇಷ್ಟ್ರ ಒಂದು ಫೋನ್ ಕರೆಗೆ ತುಂಬ ಬೆಲೆ ಇದೆ.

ಇಲ್ಲೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಎಲ್ಲ ಮೇಷ್ಟ್ರೂ ಒಂದೇ ರೀತಿಯವರಲ್ಲ. ಪೂರ್ಣಾವಧಿ ಸಂಬಳದ ಅಧ್ಯಾಪಕರು ಸಾಮಾನ್ಯವಾಗಿ ವಕೀಲಿ ಮಾಡುವಂತಿಲ್ಲ. ಆದರೆ 1979ರ ನಿಯಮಗಳ ಪ್ರಕಾರ ವೃತ್ತಿನಿರತ ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು. ಹಾಗಾಗಿ ಯಾರ ಬಳಿ ಏನು ಕೇಳಬೇಕು ಎಂಬುದೂ ಬೇರೆ ಬೇರೆ:

• ಕೋರ್ಟಿಗೆ ಹೋಗುವ ಅರೆಕಾಲಿಕ ಉಪನ್ಯಾಸಕರ ಬಳಿ: ಇಂಟರ್ನ್‌ಶಿಪ್, ಜೂನಿಯರ್ ಆಗಿ ಸೇರುವುದು, ಡ್ರಾಫ್ಟಿಂಗ್, ಯಾವ ಕೋರ್ಟ್ ಹಾಲ್‌ನಲ್ಲಿ ಕೂತರೆ ಒಳ್ಳೆಯ ವಾದ ಕೇಳಬಹುದು ಎಂಬುದು.
• ಪೂರ್ಣಾವಧಿ ಅಧ್ಯಾಪಕರ ಬಳಿ: ವಿಷಯದ ಆಳ, ಸಂಶೋಧನೆ, ಲೇಖನ ಬರೆಯುವುದು, ಮೂಟ್ ಕೋರ್ಟ್ ತಯಾರಿ, ಎಲ್‌ಎಲ್‌ಎಂ, ನೆಟ್ ಪರೀಕ್ಷೆ.
• ಅತಿಥಿ ಉಪನ್ಯಾಸಕರ ಬಳಿ: ಇವರಲ್ಲಿ ಹಲವರು ಈಚೆಗಷ್ಟೇ ಓದಿ ಮುಗಿಸಿದವರು. ಪರೀಕ್ಷೆಯ ತಯಾರಿ, ಕೆಲಸ ಹುಡುಕಾಟದ ಈಗಿನ ಸ್ಥಿತಿ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ವರ್ಷ ಬೇರೆ ಕಾಲೇಜಿಗೆ ಹೋಗಬಹುದು, ಆದ್ದರಿಂದ ಸಂಪರ್ಕ ಉಳಿಸಿಕೊಳ್ಳಿ.

ನಂಬಿಕೆ 6: ಶಿಫಾರಸು ಪತ್ರ ಕೊನೆಯ ಸೆಮಿಸ್ಟರಿನಲ್ಲಿ ಕೇಳಿದರಾಯಿತು

ವಾಸ್ತವ: ನಿಮ್ಮನ್ನು ಗೊತ್ತಿಲ್ಲದವರು ಬರೆದ ಪತ್ರಕ್ಕೆ ಬೆಲೆ ಇಲ್ಲ.

ವಿದೇಶದಲ್ಲಿ ಎಲ್‌ಎಲ್‌ಎಂ ಓದಲು, ಕೆಲವು ಸ್ಕಾಲರ್‌ಶಿಪ್‌ಗಳಿಗೆ, ಫೆಲೋಶಿಪ್‌ಗಳಿಗೆ ಸಾಮಾನ್ಯವಾಗಿ ಎರಡು ಮೂರು ಶಿಫಾರಸು ಪತ್ರ ಕೇಳುತ್ತಾರೆ. ನಿಮ್ಮ ರೋಲ್ ನಂಬರ್ ಮಾತ್ರ ಗೊತ್ತಿರುವ ಮೇಷ್ಟ್ರು “ಶಿಸ್ತಿನ ವಿದ್ಯಾರ್ಥಿ, ನಡತೆ ಒಳ್ಳೆಯದು” ಎಂದಷ್ಟೇ ಬರೆಯಬಲ್ಲರು. ಅದು ಶಾಲೆಯ ಟಿಸಿಯಲ್ಲೂ ಇರುತ್ತದೆ. “ಈ ವಿದ್ಯಾರ್ಥಿ ಬಾಡಿಗೆ ಕಾಯ್ದೆಯ ಬಗ್ಗೆ ಬರೆದ ಪ್ರಬಂಧವನ್ನು ಮೂರು ಸಲ ತಿದ್ದಿಸಿಕೊಂಡರು, ಮೂರನೆಯ ಬಾರಿ ನನ್ನ ವಾದವನ್ನೇ ಪ್ರಶ್ನಿಸಿದರು” ಎಂಬಂಥ ವಾಕ್ಯ ಬರಬೇಕಾದರೆ ಹಾಗೊಂದು ಘಟನೆ ನಡೆದಿರಬೇಕಲ್ಲ?

ಇತಿಹಾಸದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಡಾ. ಬಿ.ಆರ್. ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವಾಗ ಎಡ್ವಿನ್ ಸೆಲಿಗ್ಮನ್ ಅವರಿಗೆ ಪ್ರಾಧ್ಯಾಪಕರಾಗಿದ್ದರು. ಮುಂದೆ 1920ರಲ್ಲಿ ಅಂಬೇಡ್ಕರ್ ಲಂಡನ್ನಿನಲ್ಲಿ ಓದು ಮುಂದುವರಿಸಲು ಹೊರಟಾಗ ಸೆಲಿಗ್ಮನ್ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕ ಹರ್ಬರ್ಟ್ ಫಾಕ್ಸ್‌ವೆಲ್ ಅವರಿಗೆ ಪತ್ರ ಬರೆದು ತಮ್ಮ ಹಳೆಯ ವಿದ್ಯಾರ್ಥಿಗೆ ನೆರವಾಗುವಂತೆ ಕೇಳಿಕೊಂಡರು. ಅದೇ ಲಂಡನ್ನಿನಲ್ಲಿ ಅಂಬೇಡ್ಕರ್ ಗ್ರೇಸ್ ಇನ್‌ನಲ್ಲಿ ಕಾನೂನು ಓದಿ ಬ್ಯಾರಿಸ್ಟರ್ ಆದರು. ಬಾಳಿನಲ್ಲಿ ದೊರೆತ ಒಳ್ಳೆಯ ಗೆಳೆಯರನ್ನು ನೆನೆಯುವಾಗ ಅವರು ಕೊಲಂಬಿಯಾದ ಸಹಪಾಠಿಗಳ ಜೊತೆಗೆ ಪ್ರಾಧ್ಯಾಪಕರನ್ನೂ ಹೆಸರಿಸಿದ್ದರು. ಅಂಬೇಡ್ಕರ್ ಅವರ ಪ್ರತಿಭೆ ಆ ಪತ್ರದಿಂದ ಬಂದದ್ದಲ್ಲ. ಆದರೆ ಆ ಪ್ರತಿಭೆಯನ್ನು ಹತ್ತಿರದಿಂದ ಕಂಡವರು ಇನ್ನೊಬ್ಬರಿಗೆ ಅದನ್ನು ತಿಳಿಸಿದರು. ಶಿಫಾರಸು ಪತ್ರ ಎಂದರೆ ಇಷ್ಟೇ.

ಪತ್ರ ಕೇಳುವಾಗ ನೆನಪಿಡಿ: ಕನಿಷ್ಠ ಮೂರು ನಾಲ್ಕು ವಾರ ಮೊದಲು ಕೇಳಿ. ಅಂಕಪಟ್ಟಿ, ನೀವು ಅವರ ವಿಷಯದಲ್ಲಿ ಮಾಡಿದ ಪ್ರಾಜೆಕ್ಟ್, ಅರ್ಜಿಯ ಕೊನೆಯ ದಿನಾಂಕ, ಪತ್ರ ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಒಂದೇ ಕಡೆ ಕೊಡಿ. “ಬರೆಯಲು ಅನುಕೂಲವಾಗುತ್ತದೆಯೇ ಮೇಡಂ? ಆಗದಿದ್ದರೂ ಪರವಾಗಿಲ್ಲ” ಎಂದು ಹೇಳಿ, ಇಲ್ಲ ಎನ್ನಲು ಅವರಿಗೂ ದಾರಿ ಬಿಡಿ. ಫಲಿತಾಂಶ ಏನೇ ಬರಲಿ, ಹೋಗಿ ತಿಳಿಸಿ. ಕೆಲಸ ಆದ ಮೇಲೆ ಮುಖ ತೋರಿಸದವರ ತಮ್ಮ ತಂಗಿಯರಿಗೆ ಮುಂದಿನ ಪತ್ರ ಕಷ್ಟವಾಗುತ್ತದೆ.

ಹಾಗಾದರೆ ಶುರು ಮಾಡುವುದು ಹೇಗೆ?

ದೊಡ್ಡ ಯೋಜನೆ ಬೇಕಿಲ್ಲ. ಒಂದು ಸೆಮಿಸ್ಟರಿಗೆ ಇಷ್ಟು ಸಾಕು:

• ಐದಾರು ಮೇಷ್ಟ್ರಲ್ಲಿ ನಿಮಗೆ ಇಷ್ಟವಾದ ವಿಷಯ ಕಲಿಸುವ ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಳ್ಳಿ. ಎಲ್ಲರಿಗೂ ಬೇಕಾದವರಾಗಲು ಹೋಗಬೇಡಿ.
• ಮೊದಲ ಮೂರು ಸಾಲಿನಲ್ಲಿ ಕೂರಿ, ಕ್ಲಾಸ್ ತಪ್ಪಿಸಬೇಡಿ. ವಕೀಲರ ಪರಿಷತ್ತಿನ ನಿಯಮವೇ ಪ್ರತಿ ವಿಷಯದಲ್ಲಿ 70% ಹಾಜರಾತಿ ಕೇಳುತ್ತದೆ. ಮುಖವೇ ಗೊತ್ತಿಲ್ಲದವರ ಜೊತೆ ಸಂಬಂಧ ಬೆಳೆಯುವುದಿಲ್ಲ.
• ಎರಡು ವಾರಕ್ಕೊಮ್ಮೆ ಒಂದು ತಯಾರಿಯ ಪ್ರಶ್ನೆ ತೆಗೆದುಕೊಂಡು ಹೋಗಿ. ಹತ್ತು ನಿಮಿಷದಲ್ಲಿ ಮುಗಿಸಿ.
• ಅವರು ಹೇಳಿದ್ದನ್ನು ಮಾಡಿ, ಮುಂದಿನ ಸಲ ತೋರಿಸಿ. ಹೆಚ್ಚಿನವರು ಸೋಲುವುದು ಇಲ್ಲೇ. ಸಲಹೆ ಕೇಳುವವರು ಬಹಳ, ಅದರಂತೆ ನಡೆದು ಮರಳಿ ಬರುವವರು ಕಡಿಮೆ. ಮೇಷ್ಟ್ರ ಮನಸ್ಸಿನಲ್ಲಿ ಉಳಿಯುವವರು ಮರಳಿ ಬಂದವರೇ.
• ಕಾನೂನು ನೆರವು ಶಿಬಿರ, ಮೂಟ್ ಕೋರ್ಟ್, ಕಾಲೇಜಿನ ವಿಚಾರ ಸಂಕಿರಣದಲ್ಲಿ ಕೆಲಸ ವಹಿಸಿಕೊಳ್ಳಿ. ಕುರ್ಚಿ ಜೋಡಿಸುವ ಕೆಲಸವೂ ನಿಮ್ಮ ಹೊಣೆಗಾರಿಕೆ ತೋರಿಸುತ್ತದೆ.

ಮೊದಲ ಮೆಸೇಜ್ ಬರೆಯಲು ಕೈ ನಡುಗುವವರಿಗೆ ಒಂದು ಮಾದರಿ:

“ನಮಸ್ತೆ ಮೇಡಂ. ನಾನು ಮೂರನೇ ಸೆಮಿಸ್ಟರ್ ಬಿ ಸೆಕ್ಷನ್ (ಹೆಸರು). ನಿನ್ನೆ ನೀವು ಹೇಳಿದ ತೀರ್ಪು ಓದಿದೆ. ಅದರಲ್ಲಿ ಒಂದು ಅಂಶ ಅರ್ಥವಾಗಲಿಲ್ಲ. ಈ ವಾರ ಕಾಲೇಜಿನಲ್ಲಿ ನಿಮಗೆ ಬಿಡುವಿರುವಾಗ ಹತ್ತು ನಿಮಿಷ ಬಂದು ಕೇಳಬಹುದೇ?”

ಇಷ್ಟೇ ಸಾಕು. ಹಗಲು ಹೊತ್ತಿನಲ್ಲಿ ಕಳಿಸಿ. ಉತ್ತರ ಬರಲಿಲ್ಲವೆಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಬೇಡಿ, ಎರಡು ಮೂರು ದಿನ ಬಿಟ್ಟು ಕಾಲೇಜಿನಲ್ಲೇ ಕೇಳಿ. ದಿನಾ ಗುಡ್ ಮಾರ್ನಿಂಗ್ ಚಿತ್ರ, ರಾಜಕೀಯ ಫಾರ್ವರ್ಡ್ ಕಳಿಸಿದರೆ ಸಂಬಂಧ ಬೆಳೆಯುವುದಿಲ್ಲ, ಮ್ಯೂಟ್ ಆಗುತ್ತೀರಿ.

ಎಲ್ಲಿ ನಿಲ್ಲಬೇಕು? ಇದನ್ನು ತಪ್ಪದೆ ಓದಿ

ಮೇಷ್ಟ್ರು ಮತ್ತು ವಿದ್ಯಾರ್ಥಿ ಸಮಾನ ಸ್ಥಾನದಲ್ಲಿಲ್ಲ. ಇಂಟರ್ನಲ್ಸ್ ಅವರ ಕೈಯಲ್ಲಿದೆ, ಪತ್ರ ಅವರ ಕೈಯಲ್ಲಿದೆ. ಬಹುಪಾಲು ಮೇಷ್ಟ್ರು ಇದನ್ನು ದುರುಪಯೋಗ ಮಾಡುವುದಿಲ್ಲ. ಆದರೆ ಮಾಡುವವರೂ ಇರುತ್ತಾರೆ. ಓದಿಗೆ ಸಂಬಂಧವಿಲ್ಲದ ಮನೆಗೆಲಸ, ನಿಮ್ಮ ಪ್ರಬಂಧಕ್ಕೆ ಅವರ ಹೆಸರು ಮಾತ್ರ ಹಾಕಿಕೊಳ್ಳುವುದು, ರಾತ್ರಿ ಹೊತ್ತು ವೈಯಕ್ತಿಕ ಮೆಸೇಜ್, ಒಬ್ಬರೇ ಬನ್ನಿ ಎಂಬ ಒತ್ತಾಯ, ಮೈಮುಟ್ಟಿ ಮಾತಾಡುವುದು, “ಇಂಟರ್ನಲ್ಸ್ ನೆನಪಿದೆ ತಾನೇ” ಎಂಬ ಸೂಚನೆ – ಇವು ಮಾರ್ಗದರ್ಶನದ ಲಕ್ಷಣಗಳಲ್ಲ.

ಲೈಂಗಿಕ ಕಿರುಕುಳದ ವಿಷಯದಲ್ಲಿ 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಗಳಡಿ ಕಾಲೇಜಿನಲ್ಲಿ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಹುಡುಗರು ಮತ್ತು ತೃತೀಯ ಲಿಂಗಿ ವಿದ್ಯಾರ್ಥಿಗಳೂ ಇಂಥ ಕಿರುಕುಳಕ್ಕೆ ಗುರಿಯಾಗಬಹುದು ಎಂಬುದನ್ನು ಯುಜಿಸಿ ನಿಯಮಗಳು ಗುರುತಿಸಿವೆ. ಮೌಲ್ಯಮಾಪನದಲ್ಲಿ ತಾರತಮ್ಯದಂಥ ಬೇರೆ ದೂರುಗಳಿಗೆ 2023ರ ಯುಜಿಸಿ ನಿಯಮಗಳಡಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇದೆ. ಅಲ್ಲೂ ಪರಿಹಾರ ಸಿಗದಿದ್ದರೆ ಒಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಮೆಸೇಜ್‌ಗಳನ್ನು ಅಳಿಸಬೇಡಿ, ದಿನಾಂಕ ಬರೆದಿಡಿ, ನಂಬುವ ಒಬ್ಬರಿಗೆ ಅಂದೇ ಹೇಳಿ.

ಮೊದಲು ಹೇಳಿದ ಪರೀಕ್ಷೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೇಷ್ಟ್ರು ನಿಮ್ಮಿಂದ ಕೇಳುತ್ತಿರುವುದನ್ನು ಇಡೀ ಕ್ಲಾಸಿನ ಮುಂದೆ ಕೇಳಬಲ್ಲರೇ? ಇಲ್ಲ ಎಂದಾದರೆ ಎಚ್ಚರ ವಹಿಸಿ.

ಇದೆಲ್ಲ ಮಾಡಿದರೆ ಯಶಸ್ಸು ಗ್ಯಾರಂಟಿಯೇ?

ಇಲ್ಲ, ಅಂಥ ಗ್ಯಾರಂಟಿ ಯಾರೂ ಕೊಡಲಾರರು. 2014ರಲ್ಲಿ ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರ ಮೇಲೆ ನಡೆದ ಗ್ಯಾಲಪ್–ಪರ್ಡ್ಯೂ ಸಮೀಕ್ಷೆಯಲ್ಲಿ, ತಮ್ಮ ಬಗ್ಗೆ ಕಾಳಜಿ ಇದ್ದ, ಕಲಿಕೆಯಲ್ಲಿ ಉತ್ಸಾಹ ತುಂಬಿದ ಮೇಷ್ಟ್ರು ಮತ್ತು ಬೆನ್ನು ತಟ್ಟಿದ ಮಾರ್ಗದರ್ಶಕರು ಇದ್ದರು ಎಂದು ಗಟ್ಟಿಯಾಗಿ ಹೇಳಿದವರು ಕೇವಲ 14%. ಅಂಥವರು ಮುಂದೆ ಕೆಲಸದಲ್ಲಿ ಮನಸ್ಸಿಟ್ಟು ತೊಡಗಿಕೊಂಡಿರುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಆದರೆ ಇದು ಸಮೀಕ್ಷೆ, ಪ್ರಯೋಗವಲ್ಲ. ಮೇಷ್ಟ್ರಿಂದಲೇ ಹಾಗಾಯಿತೋ, ಸ್ವಭಾವತಃ ಉತ್ಸಾಹಿಗಳಾದವರಿಗೆ ಮೇಷ್ಟ್ರೂ ಸಿಕ್ಕರೋ ಎಂದು ಇದರಿಂದ ಖಚಿತವಾಗಿ ಹೇಳಲಾಗದು. ಜೊತೆಗೆ ಅದು ಬೇರೆ ದೇಶದ ಲೆಕ್ಕ.

ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಮಾತಾಡಿಸುವುದಕ್ಕೆ ಖರ್ಚಿಲ್ಲ. ಕಕ್ಷಿದಾರರ ಬಳಿ, ಸೀನಿಯರ್ ಬಳಿ, ಕೊನೆಗೆ ನ್ಯಾಯಾಧೀಶರ ಮುಂದೆ ವಿನಯದಿಂದ, ಅಂಜದೆ, ವಿಷಯಕ್ಕೆ ತಕ್ಕಂತೆ ಮಾತಾಡುವುದೇ ವಕೀಲರ ಕಸುಬು. ಮೇಷ್ಟ್ರ ಕೊಠಡಿಯ ಬಾಗಿಲಲ್ಲಿ ನಿಂತು “ಸರ್, ಒಂದು ಸಂದೇಹ” ಎನ್ನುವುದು ಆ ಕಸುಬಿನ ಮೊದಲ ಅಭ್ಯಾಸ.

ಒಂದೇ ನೋಟದಲ್ಲಿ:

• ಕಲಿಯಲು ಕೇಳಿದರೆ ಅದು ಓದು. ಅರ್ಹತೆ ಇಲ್ಲದ ಲಾಭಕ್ಕೆ ಓಲೈಸಿದರೆ ಅದು ಬಕೆಟ್.
• ಬಹುಪಾಲು ಅಂಕ ವಿಶ್ವವಿದ್ಯಾಲಯದ ಪರೀಕ್ಷೆಯದ್ದು. ಮೇಷ್ಟ್ರಿಂದ ಪಡೆಯಬೇಕಾದದ್ದು ಅಂಕವಲ್ಲ, ಮಾರ್ಗದರ್ಶನ.
• ಕನ್ನಡದಲ್ಲೇ ಕೇಳಿ, ತಯಾರಿ ಮಾಡಿಕೊಂಡು ಕೇಳಿ, ಹೇಳಿದ್ದನ್ನು ಮಾಡಿ ಮರಳಿ ಹೋಗಿ.
• ಮಿತಿ ಮೀರಿದ ವರ್ತನೆ ಯಾರಿಂದಲೇ ಬರಲಿ, ದೂರು ಕೊಡಲು ಕಾನೂನಿದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಊರಿನಲ್ಲಿ ಈ ವರ್ಷ ಲಾ ಕಾಲೇಜು ಸೇರಿದ ಮಕ್ಕಳಿದ್ದರೆ ಇದನ್ನು ಅವರಿಗೆ ಕಳಿಸಿ. ಅದರಲ್ಲೂ ಮನೆಯಲ್ಲಿ ವಕೀಲರು ಯಾರೂ ಇಲ್ಲದ ಮಕ್ಕಳಿಗೆ ಮೊದಲು ಕಳಿಸಿ.